ಕಪ್ಪುಕುಳಿಯ ತೂಕ ಹೇಳಿದಿರಿ, ಗ್ಯಾಲಕ್ಸಿಯ ತೂಕವನ್ನೂ ಹೇಳಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ದೈತ್ಯ ಕಪ್ಪುಕುಳಿಗಳ (ಬೆಳಕನ್ನೂ ಹೊರಬಿಡದ ಬ್ಲ್ಯಾಕ್ ಹೋಲ್‌ಗಳ) ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಕನ್ನಡ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಅಷ್ಟು ಜಾಗ ಸಿಗುವುದೇ ಅಪರೂಪ, ಅದಕ್ಕೆ ಮೊದಲು ಥ್ಯಾಂಕ್ಸ್. ಪುಣೆಯಲ್ಲಿದ್ದುಕೊಂಡು ಕನ್ನಡ ಪತ್ರಿಕೆ ಓದುವ ನಮ್ಮಂಥವರು ಅದನ್ನು ಓದಿ, ಮಕ್ಕಳಿಗೂ ಓದಿ ಹೇಳಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿಕೊಂಡೆವು. ಆದರೆ ಆ ಬರಹದಲ್ಲಿ ಇರಬೇಕಿದ್ದ ಒಂದು ಸಂಖ್ಯೆ ಇರಲಿಲ್ಲ, ಮತ್ತೆ ಒಂದು ವಾಕ್ಯ ತಪ್ಪಿತ್ತು. ಎರಡಕ್ಕೂ ನಂಟಿದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಆನ್‌ಲೈನ್ ಆವೃತ್ತಿಯಲ್ಲಾದರೂ ಹಾಕಿ.

ಇಲ್ಲದ ಸಂಖ್ಯೆ ಗ್ಯಾಲಕ್ಸಿಯ ತೂಕ. ಕಪ್ಪುಕುಳಿ ಸೂರ್ಯನ ಎಷ್ಟು ಪಟ್ಟು ಭಾರ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದೀರಿ. ಅದು ಕೂತಿರುವ ಗ್ಯಾಲಕ್ಸಿ ಎಷ್ಟು ಭಾರ ಅಂತ ಎಲ್ಲೂ ಇಲ್ಲ. ಇದು ನಿಮ್ಮ ಪತ್ರಿಕೆಯೊಂದರದೇ ಕಥೆ ಅಲ್ಲ. ಇಲ್ಲಿ ಮನೆಗೆ ಬರುವ ಮರಾಠಿ, ಇಂಗ್ಲಿಷ್ ಪತ್ರಿಕೆಗಳಲ್ಲೂ ಹೀಗೇ ಬರುತ್ತದೆ. ಅತಿ ದೊಡ್ಡದು, ರಾಕ್ಷಸ, ಎಲ್ಲವನ್ನೂ ನುಂಗುವಂಥದ್ದು ಅಂತ ಒಂದು ಶೀರ್ಷಿಕೆ, ಕೆಳಗೆ ಸೊನ್ನೆಗಳ ಸಾಲು. ಇನ್ನು ತಪ್ಪಿದ ವಾಕ್ಯ ಯಾವುದು ಅಂದರೆ, ನಡುವಿನ ಕಪ್ಪುಕುಳಿಯೇ ತನ್ನ ಸೆಳೆತದಿಂದ ಇಡೀ ಗ್ಯಾಲಕ್ಸಿಯನ್ನು ಹಿಡಿದಿಟ್ಟಿದೆ, ಸೂರ್ಯ ಗ್ರಹಗಳನ್ನು ಹಿಡಿದಿಟ್ಟ ಹಾಗೆ, ಅನ್ನುವುದು. ಗ್ಯಾಲಕ್ಸಿಯ ತೂಕವನ್ನು ಪಕ್ಕದಲ್ಲಿ ಬರೆದಿದ್ದರೆ ಈ ವಾಕ್ಯ ಅಚ್ಚಾಗುತ್ತಲೇ ಇರಲಿಲ್ಲ.

ನಮ್ಮ ಕ್ಷೀರಪಥವನ್ನೇ ತಗೊಳ್ಳಿ. ಅದರ ನಡುವೆ ಇರುವ ಸ್ಯಾಜಿಟೇರಿಯಸ್ ಎ ಸ್ಟಾರ್ ಎಂಬ ಕಪ್ಪುಕುಳಿ ಸುಮಾರು 43 ಲಕ್ಷ ಸೂರ್ಯರಷ್ಟು ಭಾರ. ಈ ಲೆಕ್ಕ ಗಟ್ಟಿಯಾದದ್ದು. ಎಸ್2 ಎಂಬ ನಕ್ಷತ್ರ ಸುಮಾರು 16 ವರ್ಷಕ್ಕೊಮ್ಮೆ ಅದನ್ನು ಸುತ್ತಿ ಬರುತ್ತದೆ. ರೈನ್‌ಹಾರ್ಡ್ ಗೆಂಜೆಲ್ ಅವರ ತಂಡ ಚಿಲಿಯ ದೂರದರ್ಶಕಗಳಿಂದ, ಆಂಡ್ರಿಯಾ ಗೆಜ್ ಅವರ ತಂಡ ಹವಾಯಿಯಿಂದ, ಆ ಸುತ್ತನ್ನು ಪೂರ್ತಿ ಹಿಂಬಾಲಿಸಿ ನೋಡಿದವು. 2018ರ ಮೇ ತಿಂಗಳಲ್ಲಿ ಅದು ಕಪ್ಪುಕುಳಿಗೆ ತೀರಾ ಹತ್ತಿರ ಬಂದಾಗ ಅದರ ವೇಗ ಸೆಕೆಂಡಿಗೆ 7,000 ಕಿಲೋಮೀಟರಿಗೂ ಜಾಸ್ತಿ ಇತ್ತು. ಸುತ್ತಿನ ಅಳತೆ ಗೊತ್ತು, ಅದಕ್ಕೆ ಹಿಡಿಯುವ ಕಾಲ ಗೊತ್ತು, ಇನ್ನು ನಡುವೆ ಇರುವುದರ ತೂಕ ತೆಗೆಯುವುದು ಪಿಯುಸಿ ಭೌತಶಾಸ್ತ್ರದ ಲೆಕ್ಕ. ಇದಕ್ಕೇ ಇವರಿಬ್ಬರಿಗೆ 2020ರ ನೊಬೆಲ್‌ನ ಅರ್ಧ ಪಾಲು ಬಂದದ್ದು, ಇನ್ನರ್ಧ ರೋಜರ್ ಪೆನ್‌ರೋಸ್‌ಗೆ.

ಈಗ ಗ್ಯಾಲಕ್ಸಿಯ ಕಡೆ ನೋಡಿ. ಕ್ಷೀರಪಥದ ನಕ್ಷತ್ರಗಳನ್ನಷ್ಟೇ ತೂಗಿದರೆ ಸುಮಾರು 6,000 ಕೋಟಿ ಸೂರ್ಯರ ತೂಕ. ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಸೇರಿಸಿದರೆ ಸುಮಾರು 1 ಲಕ್ಷ ಕೋಟಿ. ಅಂದರೆ ನಕ್ಷತ್ರಗಳ ತೂಕದಲ್ಲಿ ಸುಮಾರು 14,000ದಲ್ಲಿ ಒಂದು ಪಾಲು ಮಾತ್ರ ಆ ಕಪ್ಪುಕುಳಿಯದು. ಸೌರಮಂಡಲದಲ್ಲಿ ಒಟ್ಟು ತೂಕದ ಶೇ 99.8ಕ್ಕಿಂತ ಜಾಸ್ತಿ ಸೂರ್ಯನಲ್ಲೇ ಇದೆ. ಇಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ನಮ್ಮ ಸೂರ್ಯ ಗ್ಯಾಲಕ್ಸಿಯ ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, ಸೆಕೆಂಡಿಗೆ 220–230 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ. ಅದನ್ನು ಹಾಗೆ ಸುತ್ತಿಸುತ್ತಿರುವುದು ಆ ಸುತ್ತಿನ ಒಳಗಿರುವ ಅಷ್ಟೂ ನಕ್ಷತ್ರ, ಅನಿಲ, ಡಾರ್ಕ್ ಮ್ಯಾಟರ್ ಸೇರಿಕೊಂಡು. ಕಪ್ಪುಕುಳಿಯ ಸೆಳೆತದ ಮಾತು ನಡೆಯುವುದು ಅದರ ಸುತ್ತಲಿನ ಹತ್ತು ಜ್ಯೋತಿರ್ವರ್ಷದ ಆಸುಪಾಸಿನಲ್ಲಿ, ಅಷ್ಟೇ. ಅದನ್ನು ನಾಳೆ ತೆಗೆದುಬಿಟ್ಟರೂ ಸೂರ್ಯನ ದಾರಿ ಬದಲಾಗುವುದಿಲ್ಲ. ಹೀಗಿರುವಾಗ ನಮ್ಮನ್ನು ನುಂಗಿಬಿಡುತ್ತದೆ ಅಂತ ಮಕ್ಕಳಿಗೆ ಸುಮ್ನೆ ಯಾಕೆ ಹೆದರಿಕೆ?

ಇಲ್ಲಿಗೇ ನಿಂತಿದ್ದರೆ ನಾನು ನಾಲ್ಕು ಸಾಲಿನ ತಿದ್ದುಪಡಿ ಕಳಿಸಿ ಸುಮ್ಮನಾಗುತ್ತಿದ್ದೆ. ನಿಜವಾದ ಸ್ವಾರಸ್ಯ ಇದರ ಮುಂದೆ ಇದೆ.

ಕಪ್ಪುಕುಳಿಗೆ ಗ್ಯಾಲಕ್ಸಿಯನ್ನು ಹಿಡಿದಿಡುವ ಶಕ್ತಿ ಇಲ್ಲ. ಆದರೂ ಅದರ ತೂಕಕ್ಕೂ ಗ್ಯಾಲಕ್ಸಿಯ ತೂಕಕ್ಕೂ ಒಂದು ಲೆಕ್ಕ ಕೂಡಿಬರುತ್ತದೆ. ಹತ್ತಿರದ ಹತ್ತಾರು ಗ್ಯಾಲಕ್ಸಿಗಳಲ್ಲಿ ಅಳೆದು ನೋಡಿದ್ದಾರೆ. ಗ್ಯಾಲಕ್ಸಿಯ ನಡುವೆ ನಕ್ಷತ್ರಗಳು ದಟ್ಟವಾಗಿ ಗುಂಡಗೆ ತುಂಬಿಕೊಂಡಿರುವ ಭಾಗವಿದೆಯಲ್ಲ, ಆ ಉಬ್ಬು ಎಷ್ಟು ಭಾರವೋ ಕಪ್ಪುಕುಳಿಯೂ ಅದಕ್ಕೆ ತಕ್ಕಷ್ಟು ಭಾರ. ಉಬ್ಬಿನ ತೂಕ ಹತ್ತು ಪಟ್ಟಾದರೆ ಕಪ್ಪುಕುಳಿಯೂ ಹತ್ತಿರ ಹತ್ತಿರ ಹತ್ತು ಪಟ್ಟು. ಪಾಲು ಎಷ್ಟು ಅಂದರೆ ಶೇ 0.5ರ ಆಸುಪಾಸು, ಒಂದು ಕ್ವಿಂಟಲ್ ಜೋಳದ ಚೀಲದಲ್ಲಿ ಅರ್ಧ ಕಿಲೋ. ಆ ಅರ್ಧ ಕಿಲೋ ಯಾಕೆ ಪ್ರತಿ ಚೀಲದಲ್ಲೂ ಹೆಚ್ಚುಕಡಿಮೆ ಅರ್ಧ ಕಿಲೋನೇ ಇರಬೇಕು? ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಾಲದಿಂದ ಖಗೋಳ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿರುವುದು ಈ ಪ್ರಶ್ನೆಗೆ. ಬರೀ ಕಪ್ಪುಕುಳಿಯ ತೂಕವನ್ನು ಅಚ್ಚು ಹಾಕಿದರೆ ಓದುಗರಿಗೆ ಇಂಥದ್ದೊಂದು ಪ್ರಶ್ನೆ ಇದೆ ಅಂತಲೇ ಗೊತ್ತಾಗುವುದಿಲ್ಲ.

ಇದನ್ನು ಅಳೆದದ್ದು ಹೇಗೆ ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಪತ್ರಿಕೆಗಳಲ್ಲಿ ಈ ಭಾಗವನ್ನೇ ಕತ್ತರಿಸಿ ಹಾಕುತ್ತಾರೆ. 1997ರಲ್ಲಿ ಹಬಲ್ ದೂರದರ್ಶಕಕ್ಕೆ ಹೊಸದೊಂದು ರೋಹಿತಮಾಪಕ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಉಪಕರಣ, ಜೋಡಿಸಿದರು. ಕನ್ಯಾ ರಾಶಿಯ ಕಡೆ ಸುಮಾರು 5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಎಂ84 ಗ್ಯಾಲಕ್ಸಿಯ ನಟ್ಟನಡುವೆ ಹಾಯುವಂತೆ ಅದರ ಕಿರಿದಾದ ಸೀಳನ್ನು ಇಟ್ಟರು. ಸೀಳಿನೊಳಗೆ ಬಂದ ಬೆಳಕು ಬಣ್ಣ ಬಣ್ಣವಾಗಿ ಬಿಡಿಸಿಕೊಂಡು ಚಿತ್ರವಾಗುತ್ತದೆ. ಗ್ಯಾಲಕ್ಸಿಯ ಅಂಚಿನ ಕಡೆಯ ಅನಿಲದ ಬೆಳಕು ಆ ಚಿತ್ರದಲ್ಲಿ ನೆಟ್ಟಗೆ ಒಂದು ಗೆರೆ. ನಡುವಿಗೆ ಬರುತ್ತಿದ್ದ ಹಾಗೆ ಗೆರೆ ಥಟ್ಟನೆ ನೀಲಿಯ ಕಡೆ ಓಡುತ್ತದೆ, ನಡುವನ್ನು ದಾಟಿದ ಕೂಡಲೇ ಅಷ್ಟೇ ಜೋರಾಗಿ ಕೆಂಪಿನ ಕಡೆ ತಿರುಗುತ್ತದೆ, ಆಮೇಲೆ ಮತ್ತೆ ನೆಟ್ಟಗೆ. ನೀಲಿ ಅಂದರೆ ಅಲ್ಲಿನ ಅನಿಲ ನಮ್ಮ ಕಡೆ ಬರುತ್ತಿದೆ, ಕೆಂಪು ಅಂದರೆ ಆಚೆ ಹೋಗುತ್ತಿದೆ. ಅಂದರೆ ಅನಿಲ ಏನನ್ನೋ ಸುತ್ತುತ್ತಿದೆ. ನಡುವಿನಿಂದ 26 ಜ್ಯೋತಿರ್ವರ್ಷದೊಳಗೆ ಅದರ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ವೇಗ ಬರಬೇಕಾದರೆ ಕನಿಷ್ಠ 30 ಕೋಟಿ ಸೂರ್ಯರಷ್ಟು ತೂಕ ಅಲ್ಲಿ ಅಡಗಿರಬೇಕು. ಆ ಒಂದು ಚಿತ್ರವನ್ನು ನೀವು ಬಣ್ಣದಲ್ಲಿ ಅಚ್ಚು ಹಾಕಿ, ಕೆಳಗೆ ನಾಲ್ಕು ಸಾಲು ಬರೆದರೆ, ಯಾವ ಕಾಲ್ಪನಿಕ ಚಿತ್ರಕ್ಕಿಂತಲೂ ಜಾಸ್ತಿ ಕೆಲಸ ಮಾಡುತ್ತದೆ. ಹೈಸ್ಕೂಲಿನ ಹುಡುಗರಿಗೂ ಅರ್ಥವಾಗುವಂಥ ಸಾಕ್ಷಿ ಅದು.

ಎಂ84ಕ್ಕೂ ಮೊದಲೇ ಇಂಥ ಅಳತೆಗಳು ಒಂದೊಂದಾಗಿ ಸೇರುತ್ತಿದ್ದವು. 1995ರಲ್ಲಿ ಜಾನ್ ಕಾರ್ಮೆಂಡಿ ಮತ್ತು ಡಗ್ಲಸ್ ರಿಚ್‌ಸ್ಟೋನ್ ಈ ನಂಟನ್ನು ಎತ್ತಿ ತೋರಿಸಿದರು. 1998ರಲ್ಲಿ ಜಾನ್ ಮಗೋರಿಯನ್ ಮತ್ತು ಜೊತೆಯವರು 30ಕ್ಕಿಂತ ಜಾಸ್ತಿ ಗ್ಯಾಲಕ್ಸಿಗಳನ್ನು ಒಟ್ಟಿಗೆ ಲೆಕ್ಕ ಹಾಕಿ ಉಬ್ಬಿನ ಶೇ 0.6 ಅಂದರು. 2000ದಲ್ಲಿ ಎರಡು ತಂಡಗಳು, ಲಾರಾ ಫೆರಾರೆಸೆ ಹಾಗೂ ಡೇವಿಡ್ ಮೆರಿಟ್ ಒಂದು ಕಡೆ, ಕಾರ್ಲ್ ಗೆಬ್‌ಹಾರ್ಟ್ ಮತ್ತು ಜೊತೆಯವರು ಇನ್ನೊಂದು ಕಡೆ, ಒಂದೇ ಸಮಯಕ್ಕೆ ಇನ್ನೂ ಬಿಗಿಯಾದ ನಂಟೊಂದನ್ನು ಪ್ರಕಟಿಸಿದವು. ಅದು ವೇಗದ ನಂಟು. ಉಬ್ಬಿನೊಳಗೆ ನಕ್ಷತ್ರಗಳು ಎಲ್ಲಾ ಒಂದೇ ದಿಕ್ಕಿಗೆ ಸುತ್ತುವುದಿಲ್ಲ. ಒಂದು ಈ ಕಡೆ, ಇನ್ನೊಂದು ಆ ಕಡೆ, ಮೇಲೆ, ಕೆಳಗೆ ಓಡುತ್ತಿರುತ್ತವೆ. ಅವುಗಳ ವೇಗ ಎಷ್ಟು ಹರಡಿಕೊಂಡಿದೆ ಅನ್ನುವ ಅಳತೆಗೆ ಸಿಗ್ಮಾ ಅನ್ನುತ್ತಾರೆ. ಸಿಗ್ಮಾ ಎರಡು ಪಟ್ಟಾದರೆ ಕಪ್ಪುಕುಳಿಯ ತೂಕ ಒಂದು ತಂಡದ ಲೆಕ್ಕದಲ್ಲಿ 13 ಪಟ್ಟು, ಇನ್ನೊಂದು ತಂಡದ ಲೆಕ್ಕದಲ್ಲಿ 28 ಪಟ್ಟು. ಇಬ್ಬರಿಗೂ ವ್ಯತ್ಯಾಸ ಇತ್ತು, ಅದರ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಆದರೆ ನಂಟು ಇದೆ ಅನ್ನುವುದರಲ್ಲಿ ಇಬ್ಬರಿಗೂ ಅನುಮಾನ ಇರಲಿಲ್ಲ.

ಯೋಚಿಸಿ ನೋಡಿ. ಈ ಸಿಗ್ಮಾ ಅಳೆದ ನಕ್ಷತ್ರಗಳಲ್ಲಿ ಬಹುಪಾಲು ಕಪ್ಪುಕುಳಿಯಿಂದ ಸಾವಿರಾರು ಜ್ಯೋತಿರ್ವರ್ಷ ದೂರದಲ್ಲಿವೆ. ಅವಕ್ಕೆ ಅದರ ಸೆಳೆತ ತಟ್ಟುವುದೇ ಇಲ್ಲ. ಆದರೂ ಅವುಗಳ ವೇಗ ನೋಡಿ ಕಪ್ಪುಕುಳಿಯ ತೂಕವನ್ನು ಅಂದಾಜು ಮಾಡಬಹುದು. ಇದಕ್ಕಿಂತ ಕುತೂಹಲದ ಸುದ್ದಿ ಇನ್ನೇನು ಬೇಕು, ಅಲ್ವಾ?

ಉಬ್ಬು ಅನ್ನುವುದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಇಡೀ ಗ್ಯಾಲಕ್ಸಿಯ ತೂಕ ಹಾಕಿದರೆ ಲೆಕ್ಕ ಅಷ್ಟು ಚೆನ್ನಾಗಿ ಕೂಡುವುದಿಲ್ಲ. ನೆರೆಯ ಎರಡು ಗ್ಯಾಲಕ್ಸಿಗಳೇ ಇದಕ್ಕೆ ಸಾಕ್ಷಿ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾಕ್ಕೆ ದೊಡ್ಡ ಉಬ್ಬಿದೆ, ನಡುವಿನ ಕಪ್ಪುಕುಳಿ 14 ಕೋಟಿ ಸೂರ್ಯರಷ್ಟು ಭಾರ. ಅದರ ಪಕ್ಕದ ಎಂ33ರಲ್ಲಿ ನಕ್ಷತ್ರಗಳಿಗೇನೂ ಬರ ಇಲ್ಲ, ನೂರಾರು ಕೋಟಿ ಸೂರ್ಯರಷ್ಟು ತೂಕ ಇದೆ. ಆದರೆ ಉಬ್ಬು ಇಲ್ಲ ಅನ್ನಬಹುದು, ಬರೀ ತಟ್ಟೆ. ಹಬಲ್‌ನಿಂದ ಎಷ್ಟು ಹುಡುಕಿದರೂ ಅಲ್ಲಿ ದೈತ್ಯ ಕಪ್ಪುಕುಳಿ ಸಿಗಲಿಲ್ಲ. ಇದ್ದರೂ ಕೆಲವೇ ಸಾವಿರ ಸೂರ್ಯರಿಗಿಂತ ಜಾಸ್ತಿ ಇರಲು ಸಾಧ್ಯವಿಲ್ಲ ಅಂತ 2001ರಲ್ಲೇ ಗೊತ್ತಾಯಿತು. ನಮ್ಮ ಕ್ಷೀರಪಥ ಕೂಡ ಈ ನಂಟಿನ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ. ನಮ್ಮ ಉಬ್ಬಿನ ಸಿಗ್ಮಾ ಸೆಕೆಂಡಿಗೆ ಸುಮಾರು 100 ಕಿಲೋಮೀಟರ್. ಆ ಲೆಕ್ಕದಲ್ಲಿ ಕಪ್ಪುಕುಳಿ ಒಂದೂವರೆ ಕೋಟಿ ಸೂರ್ಯರ ಆಸುಪಾಸಿನಲ್ಲಿ ಇರಬೇಕಿತ್ತು. ಇರುವುದು 43 ಲಕ್ಷ. ಎಲ್ಲ ಗ್ಯಾಲಕ್ಸಿಯ ನಡುವೆಯೂ ರಾಕ್ಷಸ ಇದ್ದೇ ಇರುತ್ತದೆ ಅಂತ ನಿಮ್ಮ ಬರಹದಲ್ಲಿತ್ತು. ಎಂ33ರ ಹೆಸರು ಒಂದೇ ಸಾಕು, ಆ ಮಾತನ್ನು ಸ್ವಲ್ಪ ಸಡಿಲಿಸಲು.

ಹಾಗಾದರೆ ಈ ನಂಟು ಬಂದದ್ದು ಹೇಗೆ? 1998ರಲ್ಲಿ ಜೋಸೆಫ್ ಸಿಲ್ಕ್ ಮತ್ತು ಮಾರ್ಟಿನ್ ರೀಸ್ ಹೇಳಿದ ಮಾತು ಈಗಲೂ ಎಲ್ಲರ ಬಾಯಲ್ಲಿದೆ. ಕಪ್ಪುಕುಳಿ ಅನಿಲವನ್ನು ಎಳೆದುಕೊಳ್ಳುವಾಗ ಅದು ಬಿಸಿಯಾಗಿ ಭಯಂಕರವಾಗಿ ಉರಿಯುತ್ತದೆ, ಆ ಬೆಳಕು ಮತ್ತು ಗಾಳಿ ಸುತ್ತಲಿನ ಅನಿಲವನ್ನು ಹೊರಗೆ ತಳ್ಳುತ್ತದೆ. ಕಪ್ಪುಕುಳಿ ಒಂದು ಮಟ್ಟಕ್ಕಿಂತ ಬೆಳೆದರೆ ತನ್ನ ಊಟವನ್ನು ತಾನೇ ಒದ್ದು ಓಡಿಸುತ್ತದೆ. ಅನಿಲ ಹೋದ ಮೇಲೆ ಹೊಸ ನಕ್ಷತ್ರ ಹುಟ್ಟುವುದೂ ನಿಲ್ಲುತ್ತದೆ. ಹೀಗೆ ಎರಡೂ ಒಟ್ಟಿಗೆ ನಿಲ್ಲುವುದರಿಂದ ತೂಕಗಳು ಹೊಂದಿಕೊಳ್ಳುತ್ತವೆ ಅಂತ ಅವರ ವಾದ. ಅಷ್ಟು ಚಿಕ್ಕದಕ್ಕೆ ಅಷ್ಟು ಶಕ್ತಿ ಎಲ್ಲಿಂದ ಅಂತ ಕೇಳಬಹುದು. ಲೆಕ್ಕ ಹಾಕೋಣ. ಒಳಗೆ ಬೀಳುವ ವಸ್ತುವಿನ ಸುಮಾರು ಹತ್ತನೇ ಒಂದು ಪಾಲು ಶಕ್ತಿಯಾಗಿ ಹೊರಬರುತ್ತದೆ. ಸೂರ್ಯನೊಳಗೆ ಹೈಡ್ರೋಜನ್ ಸುಡುವಾಗ ಇಷ್ಟು ಇಲ್ಲ, ಬರೀ ಶೇ 0.7. ಕಪ್ಪುಕುಳಿ ಉಬ್ಬಿನ ತೂಕದ 200ನೇ ಒಂದು ಪಾಲು ಅಂತಿಟ್ಟುಕೊಂಡರೆ, ಅದು ಬೆಳೆಯುವಾಗ ಬಿಟ್ಟ ಶಕ್ತಿ ಉಬ್ಬಿನ ತೂಕದ 2,000ನೇ ಒಂದು ಪಾಲಿಗೆ ಸಮ. ಉಬ್ಬನ್ನು ಕಟ್ಟಿಹಿಡಿದಿರುವ ಶಕ್ತಿ ಎಷ್ಟು? ನಕ್ಷತ್ರಗಳ ವೇಗ ಸೆಕೆಂಡಿಗೆ 200 ಕಿಲೋಮೀಟರ್, ಅಂದರೆ ಬೆಳಕಿನ ವೇಗದ 1,500ನೇ ಒಂದು ಪಾಲು. ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಬರುವುದರಿಂದ ಅದರ ವರ್ಗ ಮಾಡಿದರೆ ಉಬ್ಬಿನ ತೂಕದ 22.5 ಲಕ್ಷದಲ್ಲಿ ಒಂದು ಪಾಲು. ಈಗ ಎರಡನ್ನೂ ಪಕ್ಕ ಪಕ್ಕ ಇಡಿ. ಕಪ್ಪುಕುಳಿ ಬಿಟ್ಟ ಶಕ್ತಿ ಉಬ್ಬನ್ನು ಹಿಡಿದಿಟ್ಟಿರುವ ಶಕ್ತಿಗಿಂತ ಸಾವಿರ ಪಟ್ಟು ಜಾಸ್ತಿ! ಅದರಲ್ಲಿ ನೂರಕ್ಕೆ ಒಂದು ಪಾಲು ಅನಿಲಕ್ಕೆ ತಾಗಿದರೂ ಸಾಕು. ಸೆಳೆತದಲ್ಲಿ ಲೆಕ್ಕಕ್ಕೇ ಇಲ್ಲದ್ದು ಶಕ್ತಿಯಲ್ಲಿ ಇಡೀ ಗ್ಯಾಲಕ್ಸಿಗೆ ಸವಾಲು ಹಾಕುತ್ತದೆ. ಪಿಯುಸಿ ಓದುವ ಯಾರಾದರೂ ಕಾಗದದ ಮೇಲೆ ಮಾಡಿ ನೋಡಬಹುದಾದ ಲೆಕ್ಕ ಇದು. ಇಂಥದ್ದನ್ನು ನಿಮ್ಮ ಪುಟದಲ್ಲಿ ಒಂದು ಚೌಕದಲ್ಲಿ ಹಾಕಿದರೆ ಎಷ್ಟು ಚೆನ್ನಾಗಿರುತ್ತದೆ.

ಇದಕ್ಕೆ ಸಾಕ್ಷಿ ಹುಡುಕುವುದರಲ್ಲಿ ಪುಣೆಯ ಪಾಲೂ ಇದೆ. ನಮ್ಮ ನಗರದಿಂದ ನಾಶಿಕ್ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್ ಹೋದರೆ ನಾರಾಯಣಗಾಂವ್, ಅದರ ಹತ್ತಿರ ಖೋಡದ್ ಅನ್ನುವ ಹಳ್ಳಿ. ಗೋವಿಂದ್ ಸ್ವರೂಪ್ ಅವರ ಮುಂದಾಳ್ತನದಲ್ಲಿ ಕಟ್ಟಿದ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಇರುವುದು ಅಲ್ಲೇ. ತಲಾ 45 ಮೀಟರ್ ಅಗಲದ 30 ಡಿಶ್‌ಗಳು, ದ್ರಾಕ್ಷಿ ಮತ್ತು ಟೊಮೆಟೊ ತೋಟಗಳ ನಡುವೆ ಕಿಲೋಮೀಟರ್‌ಗಟ್ಟಲೆ ಹರಡಿ ನಿಂತಿವೆ. ದೊಡ್ಡ ಬಟ್ಟಲಿನ ತುಂಬಾ ತಗಡಿಲ್ಲ, ತೆಳುವಾದ ಸ್ಟೀಲ್ ತಂತಿಯ ಬಲೆ ಹೆಣೆದಿದ್ದಾರೆ. ಗಾಳಿ ಹಾದುಹೋಗುತ್ತದೆ, ಉದ್ದ ಅಲೆಯ ರೇಡಿಯೊ ಕಿರಣಗಳಿಗೆ ಮಾತ್ರ ಅದು ಕನ್ನಡಿ. ಒಫಿಯೂಕಸ್ ಎಂಬ ಗ್ಯಾಲಕ್ಸಿಗಳ ಗುಂಪು ಸುಮಾರು 39 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಬಿಸಿ ಅನಿಲದಲ್ಲಿ ಒಂದು ಬಾಗಿದ ಅಂಚು ಇರುವುದನ್ನು ಚಂದ್ರ ಎಂಬ ಹೆಸರಿನ ಎಕ್ಸ್-ರೇ ದೂರದರ್ಶಕ ಮೊದಲೇ ತೋರಿಸಿತ್ತು. ಅದು ದೊಡ್ಡ ಗುಳ್ಳೆಯೊಂದರ ಗೋಡೆ ಇರಬಹುದಾ ಅಂತ ಅನುಮಾನ ಇತ್ತು. 2020ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ದೂರದರ್ಶಕ ಮತ್ತು ನಮ್ಮ ಜಿಎಂಆರ್‌ಟಿಯ ದತ್ತಾಂಶ ಸೇರಿಸಿ ನೋಡಿದಾಗ ಆ ಅಂಚಿನ ಆಚೆ ರೇಡಿಯೊ ಬೆಳಕು ಸರಿಯಾಗಿ ತುಂಬಿಕೊಂಡಿತ್ತು. ನಡುವಿನ ಗ್ಯಾಲಕ್ಸಿಯ ಕಪ್ಪುಕುಳಿ ಒಂದು ಕಾಲದಲ್ಲಿ ಚಿಮ್ಮಿಸಿದ ಧಾರೆ ಅನಿಲದಲ್ಲಿ ತೋಡಿದ ಗುಂಡಿ ಅದು. ಒಂದರ ಪಕ್ಕ ಒಂದು 15 ಕ್ಷೀರಪಥಗಳನ್ನು ಇಡುವಷ್ಟು ದೊಡ್ಡದು. ಅಲ್ಲಿಯವರೆಗೆ ದಾಖಲೆಯಲ್ಲಿದ್ದ ಸ್ಫೋಟಕ್ಕಿಂತ ಸುಮಾರು ಐದು ಪಟ್ಟು ಶಕ್ತಿ. ಅನಿಲವನ್ನು ಒದ್ದು ಓಡಿಸುವ ಕೆಲಸ ಬರೀ ಕಾಗದದ ಮೇಲಿನ ವಾದವಲ್ಲ ಅನ್ನಲು ಇದಕ್ಕಿಂತ ದೊಡ್ಡ ಗುರುತು ಬೇಕಾ?

ಇನ್ನೊಂದು ವಿವರಣೆಯೂ ಇದೆ, ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಗ್ಯಾಲಕ್ಸಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಒಂದಾಗುತ್ತವೆ, ಅವುಗಳ ಕಪ್ಪುಕುಳಿಗಳೂ ಕೊನೆಗೆ ಸೇರಿಕೊಳ್ಳುತ್ತವೆ. ಹೀಗೆ ಮತ್ತೆ ಮತ್ತೆ ಕೂಡುತ್ತಾ ಹೋದರೆ ಮೊದಲಿದ್ದ ಏರುಪೇರು ಸರಾಸರಿಯಲ್ಲಿ ಕರಗಿ, ಯಾರೂ ಯಾರನ್ನೂ ಒದೆಯದೆಯೇ ಪಾಲು ತಾನಾಗಿ ಹೊಂದಿಕೊಳ್ಳುತ್ತದೆ ಅನ್ನುವವರಿದ್ದಾರೆ. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು ಅಂತ ನನಗನ್ನಿಸುತ್ತದೆ. ವಾದ ಮುಗಿದಿಲ್ಲ.

ಕಪ್ಪುಕುಳಿಗಳು ಸೇರುವ ಮಾತು ಬಂದಾಗ ಮತ್ತೆ ಖೋಡದ್‌ಗೇ ಬರಬೇಕು. 2023ರ ಜೂನ್ ತಿಂಗಳಲ್ಲಿ ಹಲವು ದೇಶಗಳ ತಂಡಗಳು ಒಟ್ಟಿಗೆ ಒಂದು ಸುದ್ದಿ ಕೊಟ್ಟವು. ಪಲ್ಸಾರ್‌ಗಳ, ಅಂದರೆ ಗಡಿಯಾರದಷ್ಟು ಕರಾರುವಾಕ್ಕಾಗಿ ರೇಡಿಯೊ ಮಿಡಿತ ಕಳಿಸುವ ಸತ್ತ ನಕ್ಷತ್ರಗಳ, ಮಿಡಿತವನ್ನು ವರ್ಷಗಟ್ಟಲೆ ಗಮನಿಸಿದಾಗ, ತುಂಬಾ ನಿಧಾನವಾಗಿ ಏರಿಳಿಯುವ ಗುರುತ್ವ ಅಲೆಗಳ ಸುಳಿವು ಸಿಕ್ಕಿದೆ ಅಂತ. ಯುರೋಪಿನ ತಂಡದ ಜೊತೆ ಕೆಲಸ ಮಾಡಿದ ಭಾರತದ ತಂಡ ಬಳಸಿದ್ದು ಮೇಲ್ದರ್ಜೆಗೆ ಏರಿಸಿದ ಜಿಎಂಆರ್‌ಟಿಯನ್ನು. ಒಂದನ್ನೊಂದು ಸುತ್ತುತ್ತಿರುವ ದೈತ್ಯ ಕಪ್ಪುಕುಳಿ ಜೋಡಿಗಳ ಒಟ್ಟು ಸದ್ದು ಇದು ಅಂತ ಬಹುಪಾಲು ವಿಜ್ಞಾನಿಗಳ ನಂಬಿಕೆ. ಆ ಸದ್ದು ಎಷ್ಟು ಜೋರಿರಬೇಕು ಅಂತ ಮೊದಲೇ ಲೆಕ್ಕ ಹಾಕಬೇಕಾದರೆ ಎಷ್ಟು ಭಾರದ ಗ್ಯಾಲಕ್ಸಿಯಲ್ಲಿ ಎಷ್ಟು ಭಾರದ ಕಪ್ಪುಕುಳಿ ಇದೆ ಅನ್ನುವುದು ಗೊತ್ತಿರಬೇಕು. ಅಂದರೆ ನಾನು ಈ ಪತ್ರದ ಉದ್ದಕ್ಕೂ ಕೇಳುತ್ತಿರುವ ಆ ಎರಡು ಸಂಖ್ಯೆಗಳು. ಸಿಕ್ಕ ಸದ್ದು ಹಲವು ಲೆಕ್ಕಗಳಿಗಿಂತ ಸ್ವಲ್ಪ ಜೋರಾಗಿಯೇ ಇದೆ. ನಾವು ಅಂದುಕೊಂಡದ್ದಕ್ಕಿಂತ ಕಪ್ಪುಕುಳಿಗಳು ಭಾರವಿರಬಹುದಾ ಅನ್ನುವ ಚರ್ಚೆ ಈಗ ನಡೆಯುತ್ತಿದೆ. ಇಷ್ಟು ಹತ್ತಿರದಲ್ಲಿ, ನಮ್ಮ ಕಣ್ಣೆದುರಿನ ದೂರದರ್ಶಕದಲ್ಲಿ ನಡೆದ ಕೆಲಸ ಇದು. ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಹೇಗೆ ಮಿಡಿಯುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಕನ್ನಡದ ಓದುಗರಿಗೆ ಇದು ದೂರದ ವಿಷಯ ಹೇಗಾಗುತ್ತದೆ?

ಪಾಲನ್ನು ಹೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಎನ್‌ಜಿಸಿ 1277ರ ಕಥೆ ಸಾಕು. 22 ಕೋಟಿ ಜ್ಯೋತಿರ್ವರ್ಷ ದೂರದ ಚಿಕ್ಕ, ದಟ್ಟ ಗ್ಯಾಲಕ್ಸಿ ಅದು. 2012ರಲ್ಲಿ ಅದರ ಕಪ್ಪುಕುಳಿ 1,700 ಕೋಟಿ ಸೂರ್ಯರಷ್ಟು ಅಂತ ಸುದ್ದಿಯಾಯಿತು. ಗ್ಯಾಲಕ್ಸಿಯ ನಕ್ಷತ್ರಗಳ ತೂಕದ ಶೇ 14, ಉಬ್ಬಿನ ತೂಕದ ಶೇ 59. ಶೇ 0.5ರ ಜಾಗದಲ್ಲಿ ಶೇ 59! ಪಾಲು ನೋಡಿದವರಿಗೆ ಆಗಲೇ ಅನುಮಾನ ಬರಬೇಕು, ಬಂದಿತು ಕೂಡ. ಮರುವರ್ಷವೇ ಬೇರೆಯವರು ಲೆಕ್ಕ ಮಾಡಿ 500 ಕೋಟಿಯೇ ಸಾಕು ಅಂದರು, ಆಮೇಲಿನ ಅಳತೆಗಳೂ ಅದರ ಹತ್ತಿರವೇ ಬಂದವು. ಮೊದಲ ಸುದ್ದಿ ಎಲ್ಲ ಕಡೆ ಬಂದಿತು. ಇಳಿದ ಸಂಖ್ಯೆ ಪತ್ರಿಕೆಗಳಲ್ಲಿ ನನ್ನ ಕಣ್ಣಿಗಂತೂ ಬೀಳಲಿಲ್ಲ. ನಿಮ್ಮ ಬರಹದ ಪಟ್ಟಿಯಲ್ಲೂ ಹಳೆಯ ಸಂಖ್ಯೆಯೇ ಇದೆ, ದಯವಿಟ್ಟು ತಿದ್ದಿಕೊಳ್ಳಿ.

ತದ್ವಿರುದ್ಧದ ಉದಾಹರಣೆ ಎಂ87 ಎಂಬ ಗ್ಯಾಲಕ್ಸಿ. ಅದರ ಕಪ್ಪುಕುಳಿಗೆ ಅನಿಲದ ವೇಗದಿಂದ ಒಂದು ತೂಕ, ನಕ್ಷತ್ರಗಳ ವೇಗದಿಂದ ಅದರ ಸುಮಾರು ಎರಡು ಪಟ್ಟು ತೂಕ ಬರುತ್ತಿತ್ತು. 2019ರ ಏಪ್ರಿಲ್ 10ರಂದು ಬಂದ ಆ ಕಪ್ಪುಕುಳಿಯ ಪ್ರಸಿದ್ಧ ಕಿತ್ತಳೆ ಬಣ್ಣದ ಉಂಗುರದ ಚಿತ್ರ ಇದನ್ನು ತೀರ್ಮಾನಿಸಿತು. ಉಂಗುರದ ಅಳತೆಯಿಂದ ಬಂದ ತೂಕ 650 ಕೋಟಿ ಸೂರ್ಯರು, ಅಂದರೆ ನಕ್ಷತ್ರಗಳು ಹೇಳಿದ್ದೇ ಸರಿ. ಆ ಚಿತ್ರವನ್ನು ನೀವೂ ಮುಖಪುಟದಲ್ಲಿ ಹಾಕಿದ್ದಿರಿ. ಅಷ್ಟು ದೈತ್ಯವಾದರೂ ಅದು ತನ್ನ ಗ್ಯಾಲಕ್ಸಿಯ ನಕ್ಷತ್ರಗಳ ತೂಕದಲ್ಲಿ ಶೇ 1ರ ಆಸುಪಾಸು ಅಷ್ಟೇ.

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಬಂದ ಮೇಲೆ ಪಾಲಿನ ಮಾತು ಇನ್ನೂ ಮುಖ್ಯವಾಗಿದೆ. ಯುಎಚ್‌ಝಡ್1 ಎಂಬ ಗ್ಯಾಲಕ್ಸಿಯನ್ನು ನಾವು ನೋಡುತ್ತಿರುವುದು ಮಹಾಸ್ಫೋಟವಾಗಿ ಸುಮಾರು 47 ಕೋಟಿ ವರ್ಷ ಕಳೆದಾಗ ಇದ್ದ ಹಾಗೆ. ಅದರ ಕಪ್ಪುಕುಳಿಯ ತೂಕ ಕೆಲವು ಕೋಟಿ ಸೂರ್ಯರು. ಇದನ್ನಷ್ಟೇ ಅಚ್ಚು ಹಾಕಿದರೆ ಆಂಡ್ರೊಮಿಡಾದ 14 ಕೋಟಿಯ ಮುಂದೆ ಇದೇನು ಮಹಾ ಅನ್ನಿಸುತ್ತದೆ. ಆದರೆ ಆ ಗ್ಯಾಲಕ್ಸಿಯ ಎಲ್ಲ ನಕ್ಷತ್ರಗಳ ತೂಕವೂ ಹೆಚ್ಚುಕಡಿಮೆ ಅಷ್ಟೇ! ಸುದ್ದಿ ಇರುವುದು ಅಲ್ಲಿ. ಕೊಯಮತ್ತೂರಿನಲ್ಲಿ ಹುಟ್ಟಿ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಪ್ರಿಯಂವದಾ ನಟರಾಜನ್ ಮತ್ತು ಜೊತೆಯವರು ಇಂಥ ಗ್ಯಾಲಕ್ಸಿಗಳು ಇರಬಹುದು ಅಂತ ಮೊದಲೇ ಹೇಳಿದ್ದರು. ದೊಡ್ಡ ಅನಿಲ ಮೋಡ ನಕ್ಷತ್ರವಾಗದೆ ನೇರವಾಗಿ ಕುಸಿದು ಭಾರದ ಕಪ್ಪುಕುಳಿ ಹುಟ್ಟಿದರೆ, ಶುರುವಿನಲ್ಲಿ ಅದು ಸುತ್ತಲಿನ ನಕ್ಷತ್ರಗಳ ತೂಕಕ್ಕೆ ಸರಿಸಮವಾಗಿ ನಿಲ್ಲುತ್ತದೆ ಅಂತ. ಒಂದು ಎಚ್ಚರಿಕೆಯನ್ನೂ ಜೊತೆಗೆ ಹೇಳಬೇಕು. ಅಷ್ಟು ದೂರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಜಾಸ್ತಿ ಹೊಳೆಯುವ, ಅಂದರೆ ಭಾರದ ಕಪ್ಪುಕುಳಿಗಳೇ. ಚಿಕ್ಕವು ಕಾಣದೆ ಉಳಿದಿರಬಹುದು.

ಕೊನೆಯದಾಗಿ ನನ್ನ ಕೋರಿಕೆ. ಇನ್ನು ಮುಂದೆ ಯಾವುದೇ ದೈತ್ಯ ಕಪ್ಪುಕುಳಿಯ ಸುದ್ದಿ ಹಾಕುವಾಗ ಅದರ ತೂಕದ ಪಕ್ಕದಲ್ಲಿ ಗ್ಯಾಲಕ್ಸಿಯ ತೂಕವನ್ನೂ, ಸಿಕ್ಕರೆ ಉಬ್ಬಿನ ತೂಕವನ್ನೂ ಹಾಕಿ. ಸುದ್ದಿಸಂಸ್ಥೆಯ ಸುದ್ದಿಯಲ್ಲಿ ಆ ಸಂಖ್ಯೆ ಇರುವುದಿಲ್ಲ ಅಂತ ನನಗೂ ಗೊತ್ತು. ಮೂಲ ಸಂಶೋಧನಾ ಲೇಖನದಲ್ಲಿ ಬಹುತೇಕ ಇದ್ದೇ ಇರುತ್ತದೆ, ಅವು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕೇಳಿ ತಿಳಿದುಕೊಳ್ಳಲು ಬೆಂಗಳೂರಿನಲ್ಲೂ ಜನರಿದ್ದಾರೆ, ಇಲ್ಲಿ ಜಯಂತ ನಾರಳೀಕರ್ ಕಟ್ಟಿದ ಖಗೋಳ ಸಂಶೋಧನಾ ಕೇಂದ್ರ ಆಯುಕಾದಲ್ಲೂ ಇದ್ದಾರೆ. ಪ್ರತಿ ವರ್ಷ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಆಸುಪಾಸಿನಲ್ಲಿ ಖೋಡದ್‌ನಲ್ಲಿ ಜನರಿಗೆ ಜಿಎಂಆರ್‌ಟಿಯನ್ನು ತೆರೆದು ತೋರಿಸುತ್ತಾರೆ, ಸುತ್ತಲಿನ ಶಾಲೆಗಳ ಮಕ್ಕಳು ತಮ್ಮ ಮಾದರಿಗಳನ್ನು ಹೊತ್ತುಕೊಂಡು ಬಂದಿರುತ್ತಾರೆ. ಈ ಸಲ ನಿಮ್ಮ ವರದಿಗಾರರನ್ನೂ ಕಳಿಸಿ. ಪುಣೆಯಿಂದ ಅವರನ್ನು ಕರೆದುಕೊಂಡು ಹೋಗಲು ಇಲ್ಲಿನ ಕನ್ನಡಿಗರು ಸಿದ್ಧರಿದ್ದೇವೆ.

ನಿಮ್ಮ ಓದುಗ
ಕೋಥ್ರೂಡ್, ಪುಣೆ